ಕರು ಹಾಕಿದ ಹಸುವಿನ ಫ್ಯಾಟ್ ದಿಢೀರ್ ಏರಿತೇ? ಖುಷಿ ಪಡೋ ಮುಂಚೆ ಇದನ್ನು ಓದಿ

ಡೈರಿ ಚೀಟಿ ಕೈಗೆ ಬಂದ ತಕ್ಷಣ ನಮ್ಮ ಕಣ್ಣು ಹೋಗೋದು ಫ್ಯಾಟ್ ಮೇಲೆ. ಫ್ಯಾಟ್ ಏರಿದ್ರೆ ರೇಟ್ ಏರುತ್ತೆ, ಅಷ್ಟೇ ಲೆಕ್ಕ. ಹಾಗಾಗಿ ನಾನು ಹಾಲು ಉತ್ಪಾದಕರ ಸಂಘಗಳಲ್ಲಿ ಹಸುವಿನ ಆರೋಗ್ಯದ ತರಬೇತಿಗೆ ಹೋದಾಗ ಯುವಕರು ಕೇಳೋ ಒಂದು ಮಾತು ಇದೆ: “ಸಾರ್, ಎಚ್‌ಎಫ್ ಹಸು, ಕರು ಹಾಕಿ ಹನ್ನೆರಡು ದಿನ. ಫ್ಯಾಟ್ 5.4 ಬರ್ತಾ ಇದೆ. ಎಕ್ಸ್‌ಟ್ರಾ ಏನೂ ಕೊಟ್ಟಿಲ್ಲ. ಒಳ್ಳೇದೇ ಅಲ್ವಾ?”

ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ. ಹಿಂಡಿ ಪೂರ್ತಿ ತಿಂತಾ ಇದೆಯಾ?

ಹತ್ತರಲ್ಲಿ ಏಳೆಂಟು ಸಲ ಉತ್ತರ ಸ್ವಲ್ಪ ತಡವಾಗಿ ಬರುತ್ತೆ. “ಇಲ್ಲ ಸಾರ್, ಎರಡು ದಿನದಿಂದ ಅರ್ಧ ಬಿಡ್ತಾ ಇದೆ.” ಆಗ ನನಗೆ ಆ 5.4 ಅನ್ನೋ ಅಂಕಿ ಬೇರೆ ಥರ ಕಾಣುತ್ತೆ. ಆ ಕೊಬ್ಬು ನೀವು ಹಾಕಿದ ಮೇವಿನಿಂದ ಬಂದಿದ್ದಲ್ಲ. ಹಸುವಿನ ಮೈಯಿಂದಲೇ ಕರಗಿ ಬರ್ತಾ ಇದೆ. ಹೀಗೆ ಮೈ ಕೊಬ್ಬು ಜೋರಾಗಿ ಕರಗ್ತಾ ಇರೋ ಹಸುವಿಗೆ ಕೆಚ್ಚಲು ಬಾವೋ ಗರ್ಭಕೋಶದ ಸೋಂಕೋ ತಗುಲಿದ್ರೆ, ಬೇರೆ ಹಸುವಿಗಿಂತ ಜೋರಾಗಿಯೇ ತಗುಲುತ್ತೆ. ಎಂಬತ್ತು ಸಾವಿರ, ಲಕ್ಷ ಕೊಟ್ಟು ತಂದ ಹಸು ಮೂರು ದಿನದಲ್ಲಿ ನೆಲ ಹಿಡಿಯೋದು ಹೆಚ್ಚಾಗಿ ಈ ಮೊದಲ ಮೂರು ವಾರದಲ್ಲೇ.

ಸೋಂಕು ಅಂದ ಕೂಡಲೇ ನಾವು ಬ್ಯಾಕ್ಟೀರಿಯಾ ಬಗ್ಗೆ ಮಾತ್ರ ಯೋಚನೆ ಮಾಡ್ತೀವಿ. ಒಂದೇ ಕೊಟ್ಟಿಗೆ, ಅದೇ ಸಗಣಿ, ಅದೇ ಬ್ಯಾಕ್ಟೀರಿಯಾ. ಒಂದು ಹಸುವಿಗೆ ಎರಡು ದಿನ ಹಾಲು ಒಡೆದಂಗೆ ಬಂದು ಸರಿ ಹೋಗುತ್ತೆ, ಪಕ್ಕದ ಹಸು ಸತ್ತೇ ಹೋಗುತ್ತೆ. ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ ವಿಜ್ಞಾನಿಗಳು ಬಂದು ನಿಂತ ಜಾಗಗಳಲ್ಲಿ ಒಂದು ರಕ್ತದಲ್ಲಿರೋ ಕೊಬ್ಬು. ಮನುಷ್ಯರ ಆಸ್ಪತ್ರೆಯಲ್ಲೂ ಇದೇ ಕಥೆ. ನಂಜು ಮೈಗೆಲ್ಲ ಏರಿ ಐಸಿಯು ಸೇರಿದ ರೋಗಿಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಕುಸಿದಿರುತ್ತೆ. ಅದರಲ್ಲೂ ‘ಒಳ್ಳೆ ಕೊಲೆಸ್ಟ್ರಾಲ್’ ಅಂತ ಕರೆಯೋ ಎಚ್‌ಡಿಎಲ್ ತುಂಬಾ ಕಡಿಮೆ ಇರೋರ ಸ್ಥಿತಿ ಹೆಚ್ಚು ಗಂಭೀರ ಅಂತ ಗೊತ್ತಾಗಿದೆ. ಕೊಲೆಸ್ಟ್ರಾಲ್ ಜಾಸ್ತಿ ಆದ್ರೆ ಹೆದರೋ ನಮಗೆ, ಕಡಿಮೆ ಆದ್ರೂ ಹೆದರಬೇಕು ಅನ್ನೋದು ವಿಚಿತ್ರ ಅನ್ನಿಸಬಹುದು. ಮುಂದೆ ನೋಡಿದ್ರೆ ವಿಚಿತ್ರ ಅನ್ನಿಸಲ್ಲ.

ಮೈ ಕೊಬ್ಬು ಕರಗಿದಾಗ ಒಳಗೆ ಆಗೋದೇನು?

ಕರು ಹಾಕಿದ ಹಸು ದಿನಕ್ಕೆ ಹದಿನೈದು, ಇಪ್ಪತ್ತು ಲೀಟರ್ ಹಾಲು ಕೊಡೋಕೆ ಶುರು ಮಾಡುತ್ತೆ. ಆದ್ರೆ ಹೊಟ್ಟೆ ಅಷ್ಟು ಬೇಗ ತೆರೆಯಲ್ಲ. ಹಾಲು ಏರಿದಷ್ಟು ಬೇಗ ಮೇವು ತಿನ್ನೋದು ಏರಲ್ಲ. ಖರ್ಚು ಜಾಸ್ತಿ, ಆದಾಯ ಕಡಿಮೆ. ಆಗ ಹಸು ಉಳಿತಾಯ ಖಾತೆಗೆ ಕೈ ಹಾಕುತ್ತೆ, ಅಂದ್ರೆ ಮೈಯಲ್ಲಿರೋ ಕೊಬ್ಬಿಗೆ. ಇದು ಸ್ವಲ್ಪ ಮಟ್ಟಿಗೆ ಎಲ್ಲಾ ಹಸುವಲ್ಲೂ ಸಹಜ. ತೊಂದರೆ ಬರೋದು ಒಂದೇ ಸಲ ಹೆಚ್ಚು ಕರಗಿದಾಗ.

ಕರಗಿದ ಕೊಬ್ಬು ಕೊಬ್ಬಿನಾಮ್ಲಗಳಾಗಿ ರಕ್ತಕ್ಕೆ ಇಳಿಯುತ್ತೆ. ಲ್ಯಾಬ್ ರಿಪೋರ್ಟ್‌ನಲ್ಲಿ ಇದನ್ನು ‘ನೆಫಾ’ ಅಂತ ಬರೀತಾರೆ. ಸ್ವಲ್ಪ ಭಾಗ ನೇರವಾಗಿ ಕೆಚ್ಚಲಿಗೆ ಹೋಗಿ ಹಾಲಿನ ಫ್ಯಾಟ್ ಆಗುತ್ತೆ. ನಿಮ್ಮ ಚೀಟಿಯಲ್ಲಿ ಏರಿದ್ದು ಅದೇ. ಇನ್ನೊಂದು ದೊಡ್ಡ ಪಾಲು ಲಿವರ್‌ಗೆ ಹೋಗುತ್ತೆ. ಲಿವರ್ ಕೈಲಾದಷ್ಟನ್ನು ಉರಿಸುತ್ತೆ. ಕೈಮೀರಿದ್ದನ್ನು ಅರ್ಧಂಬರ್ಧ ಉರಿಸಿ ಕೀಟೋನ್ ಮಾಡಿ ರಕ್ತಕ್ಕೆ ಬಿಡುತ್ತೆ. ಉಳಿದಿದ್ದು ಲಿವರ್‌ನಲ್ಲೇ ಕೂತುಬಿಡುತ್ತೆ. ದನಗಳ ಲಿವರ್‌ಗೆ ಹೀಗೆ ಕೂತ ಕೊಬ್ಬನ್ನು ಪ್ಯಾಕ್ ಮಾಡಿ ಹೊರಗೆ ಕಳಿಸೋ ಶಕ್ತಿ ತುಂಬಾ ಕಡಿಮೆ. ಲಾರಿ ಬಾರದ ಮಂಡಿಯಲ್ಲಿ ಟೊಮೇಟೊ ಕ್ರೇಟ್ ಬಿದ್ದಿರ್ತವಲ್ಲ, ಹಾಗೆ. ಕೊಬ್ಬು ತುಂಬಿದ ಲಿವರ್ ತನ್ನ ಬೇರೆ ಕೆಲಸಗಳನ್ನೂ ಸರಿಯಾಗಿ ಮಾಡಲ್ಲ. ರಕ್ತದಲ್ಲಿ ಕೊಬ್ಬನ್ನು ಹೊರುವ ಕಣಗಳನ್ನು, ಅಂದ್ರೆ ಕೊಲೆಸ್ಟ್ರಾಲ್ ಅಂತ ನಾವು ಅಳೆಯೋದನ್ನು, ತಯಾರು ಮಾಡೋದೂ ಅದರ ಕೆಲಸವೇ. ಅದೂ ಕುಗ್ಗುತ್ತೆ.

ಈಗ ಸೋಂಕಿನ ಕಡೆ ಬರೋಣ. ಕೆಚ್ಚಲಿಗೋ ಗರ್ಭಕೋಶಕ್ಕೋ ಬ್ಯಾಕ್ಟೀರಿಯಾ ನುಗ್ಗಿದ ಕೂಡಲೇ ಮೊದಲು ಓಡಿ ಬರೋದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ. ಇದು ಹೋರಾಡೋಕೆ ಬಳಸೋ ಇಂಧನ ಸಕ್ಕರೆ, ಕೊಬ್ಬಲ್ಲ. ತನ್ನೊಳಗೆ ಗ್ಲೈಕೋಜನ್ ರೂಪದಲ್ಲಿ ಒಂದಿಷ್ಟು ಸಕ್ಕರೆ ಬುತ್ತಿ ಕಟ್ಟಿಕೊಂಡೇ ಬರುತ್ತೆ. ಮೈ ಕೊಬ್ಬು ಕರಗ್ತಾ ಇರೋ ಹಸುವಿನ ರಕ್ತದಲ್ಲಿ ಸಕ್ಕರೆ ಕಡಿಮೆ, ಬುತ್ತಿಯೂ ಚಿಕ್ಕದು. ಜೊತೆಗೆ ನೆಫಾ, ಕೀಟೋನ್ ಜಾಸ್ತಿ ಇರೋ ರಕ್ತದಲ್ಲಿ ಈ ಕಣಗಳು ಸೋಂಕಿನ ಜಾಗಕ್ಕೆ ಬರೋದು ತಡ, ಬಂದ ಮೇಲೂ ಕೊಲ್ಲೋ ಶಕ್ತಿ ಕಡಿಮೆ.

ಇದು ಬರೀ ಲ್ಯಾಬಿನ ಗಾಜಿನೊಳಗಿನ ಮಾತಲ್ಲ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಕೀಟೋನ್ ಏರಿದ ಹಸುಗಳು, ಏರದ ಹಸುಗಳು, ಎರಡೂ ಗುಂಪಿನ ಕೆಚ್ಚಲಿಗೆ ಇ-ಕೋಲೈ ಬ್ಯಾಕ್ಟೀರಿಯಾ ಹಾಕಿದ್ರು. ಕೀಟೋನ್ ಏರಿದ್ದ ಹಸುಗಳಲ್ಲಿ ಕೆಚ್ಚಲು ಬಾವು ಹೆಚ್ಚು ತೀವ್ರವಾಗಿ ಬಂತು. ಎರಡು ಗುಂಪಿಗೂ ಬ್ಯಾಕ್ಟೀರಿಯಾ ಒಂದೇ ಅನ್ನೋದನ್ನು ಗಮನಿಸಿ.

ನಂಜು ಅನ್ನೋದೇ ಒಂದು ಕೊಬ್ಬು

ನನಗೆ ಈ ವಿಷಯದಲ್ಲಿ ತುಂಬಾ ಕುತೂಹಲ ಹುಟ್ಟಿಸಿದ ಭಾಗ ಇದು. ಸಗಣಿಯಲ್ಲಿರೋ ಇ-ಕೋಲೈ ಥರದ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಒಂದು ವಿಷ ಇರುತ್ತೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾ ಬಗ್ಗೆ ಕೆಲಸ ಮಾಡುವಾಗ, ಸತ್ತ ಬ್ಯಾಕ್ಟೀರಿಯಾ ಕೂಡ ಪ್ರಾಣಿಯನ್ನು ಕೊಲ್ಲಬಲ್ಲದು ಅಂತ ಕಂಡುಕೊಂಡು ಆ ವಿಷಕ್ಕೆ ಎಂಡೋಟಾಕ್ಸಿನ್ ಅಂತ ಹೆಸರಿಟ್ಟ. ಆಮೇಲೆ ಗೊತ್ತಾಗಿದ್ದು, ಅದರಲ್ಲಿ ನಿಜವಾಗಿ ವಿಷ ಆಗೋ ಭಾಗ ಒಂದು ಕೊಬ್ಬು. ‘ಲಿಪಿಡ್ ಎ’ ಅಂತ ಅದರ ಹೆಸರು. ಲಿಪಿಡ್ ಅಂದ್ರೆ ಕೊಬ್ಬು, ಎಣ್ಣೆ, ಮೇಣದಂಥ ಪದಾರ್ಥಗಳಿಗೆಲ್ಲ ಒಟ್ಟಾಗಿ ಇರೋ ಹೆಸರು.

ಹಾಗಾಗಿಯೇ ಇಂಜೆಕ್ಷನ್ ಕೊಟ್ಟು ಬ್ಯಾಕ್ಟೀರಿಯಾ ಸತ್ತ ಮೇಲೂ ಕೆಲವು ಹಸು ಚೇತರಿಸಿಕೊಳ್ಳಲ್ಲ. ಬ್ಯಾಕ್ಟೀರಿಯಾ ಸತ್ತು ಗೋಡೆ ಒಡೆದಾಗ ಆ ಕೊಬ್ಬಿನ ನಂಜು ಹೊರಗೆ ಬರುತ್ತೆ. ಅದು ರಕ್ತಕ್ಕೆ ಸೇರಿದ್ರೆ ಜ್ವರ, ನಡುಕ, ರಕ್ತನಾಳ ಸಡಿಲಾಗೋದು, ಕಿವಿ ಕಾಲು ತಣ್ಣಗಾಗೋದು, ಕೊನೆಗೆ ಮೇಲೇಳದೆ ಮಲಗೋದು.

ಎಣ್ಣೆಯನ್ನು ಎಣ್ಣೆಯೇ ಹಿಡಿಯುತ್ತೆ ಅಲ್ವಾ? ರಕ್ತದಲ್ಲಿ ಓಡಾಡೋ ಎಚ್‌ಡಿಎಲ್, ಎಲ್‌ಡಿಎಲ್ ಕಣಗಳು ಈ ಲಿಪಿಡ್ ಎ ಇರೋ ನಂಜನ್ನು ಹಿಡಿದು ಸುತ್ತಿಕೊಂಡು ಲಿವರ್ ಕಡೆಗೆ ಸಾಗಿಸ್ತವೆ. ಅಂದ್ರೆ ಕೊಲೆಸ್ಟ್ರಾಲ್ ಕಣಗಳು ನಂಜು ಹೀರೋ ಬಟ್ಟೆ ಇದ್ದಂಗೆ. ಐಸಿಯು ರೋಗಿಯಲ್ಲಿ ಅವು ಕಡಿಮೆ ಆದ್ರೆ ಯಾಕೆ ಕಷ್ಟ ಅಂತ ಈಗ ಅರ್ಥ ಆಗಿರಬೇಕು. ಕರು ಹಾಕಿದ ಹಸುವಿನ ರಕ್ತದಲ್ಲಿ ಕೊಲೆಸ್ಟ್ರಾಲ್ ಹೇಗೂ ಆ ಸಮಯದಲ್ಲಿ ತಳಮಟ್ಟದಲ್ಲಿರುತ್ತೆ. ಮೇವು ಚೆನ್ನಾಗಿ ತಿಂದ ಹಾಗೆ ವಾರ ವಾರಕ್ಕೂ ಏರಬೇಕು. ಲಿವರ್‌ಗೆ ಕೊಬ್ಬು ತುಂಬಿದ, ಮೇವು ಬಿಟ್ಟ ಹಸುವಿನಲ್ಲಿ ಅದು ಏರೋದೇ ಇಲ್ಲ. ಒಂದು ಕಡೆ ಹೋರಾಡೋ ಕಣಗಳಿಗೆ ಬುತ್ತಿ ಇಲ್ಲ, ಇನ್ನೊಂದು ಕಡೆ ನಂಜು ಹೀರೋ ಬಟ್ಟೆ ಇಲ್ಲ.

ಇದೇ ಕಾರಣಕ್ಕೆ ಈಗ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿ ಒಂದು ಹನಿ ರಕ್ತದಲ್ಲಿರೋ ನೂರಾರು ಬಗೆಯ ಕೊಬ್ಬನ್ನು ಒಂದೊಂದಾಗಿ ತೂಗಿ ನೋಡ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಬೇಕು, ದುಬಾರಿ ಕೆಲಸ. ಯಾವ ಕೊಬ್ಬು ಏರಿದೆ, ಯಾವುದು ಬಿದ್ದಿದೆ ಅಂತ ನೋಡಿ, ಸೋಂಕು ಎಷ್ಟು ಗಂಭೀರ ಅಂತ ತಿಳಿಯೋದು ಇದರ ಉದ್ದೇಶ. ನಮ್ಮ ಕೊಟ್ಟಿಗೆಗೆ ಆ ಯಂತ್ರ ಬರಲ್ಲ, ಬರೋ ಅಗತ್ಯವೂ ಇಲ್ಲ. ನಮ್ಮ ಹತ್ರ ಇರೋ ನಾಲ್ಕೈದು ಅಗ್ಗದ ದಾರಿಗಳೇ ಸಾಕಷ್ಟು ಹೇಳ್ತವೆ.

ಅದಕ್ಕೂ ಮೊದಲು ಇನ್ನೊಂದು ಥರದ ಕೊಬ್ಬಿನ ಬಗ್ಗೆ ಒಂದು ಮಾತು. ಬೆದೆಗೆ ತರೋಕೆ ಡಾಕ್ಟ್ರು ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಡೋದು ನಿಮಗೆ ಗೊತ್ತು. ಆ ಪ್ರೊಸ್ಟಗ್ಲಾಂಡಿನ್ ಗುಂಪಿನ ಪದಾರ್ಥಗಳನ್ನು ಮೈ ತಯಾರು ಮಾಡಿಕೊಳ್ಳೋದು ಜೀವಕೋಶದ ಗೋಡೆಯಲ್ಲಿರೋ ಕೊಬ್ಬಿನಿಂದ. ಸೋಂಕು ಬಂದಾಗ ಜ್ವರ, ಊತ, ನೋವು ತರೋ ಸಂದೇಶವಾಹಕರಲ್ಲಿ ಇವೂ ಸೇರಿವೆ. ಇದನ್ನು ಬಿಡಿಸಿ ತೋರಿಸಿದ ಬರ್ಗ್‌ಸ್ಟ್ರೋಮ್, ಸ್ಯಾಮ್ಯುಯೆಲ್‌ಸನ್, ವೇನ್ ಮೂವರಿಗೆ 1982ರಲ್ಲಿ ನೊಬೆಲ್ ಬಂತು. ಮೆಲೊಕ್ಸಿಕ್ಯಾಮ್ ಥರದ ನೋವಿನ ಇಂಜೆಕ್ಷನ್ ಕೆಲಸ ಮಾಡೋದು ಈ ತಯಾರಿಕೆಯನ್ನು ತಡೆದು. ಜೋರು ಕೆಚ್ಚಲು ಬಾವಿನಲ್ಲಿ ಆ್ಯಂಟಿಬಯಾಟಿಕ್ ಜೊತೆ ಇದನ್ನೂ ಡಾಕ್ಟ್ರು ಕೊಡೋದು ಅದಕ್ಕೇ, ಸುಮ್ಮನೆ ಬಿಲ್ ಏರಿಸೋಕಲ್ಲ. ಆದ್ರೆ ಮೆಡಿಕಲ್ ಶಾಪಿನಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಹಸುವಿಗೆ ಚುಚ್ಚಬೇಡಿ. ಹಾಗೆ ಚುಚ್ಚಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದು ಕಿಡ್ನಿ ಕೆಟ್ಟು ಸಾಯುತ್ತೆ. ದನಗಳಿಗೆ ಅದನ್ನು 2006ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗೇ ಅಂತ ಅಭಯಾರಣ್ಯ ಮಾಡಿಟ್ಟಿರೋ ರಾಜ್ಯ ನಮ್ಮದು.

ಕೊಟ್ಟಿಗೆಯಲ್ಲೇ ಕೊಬ್ಬಿನ ಲೆಕ್ಕ

ಮೊದಲು ಡೈರಿ ಚೀಟಿ. ಎಚ್‌ಎಫ್ ಮಿಶ್ರತಳಿಯಲ್ಲಿ ಫ್ಯಾಟ್ ಸಾಮಾನ್ಯವಾಗಿ 3.5ರಿಂದ 4ರ ಆಸುಪಾಸು. ಗಿಣ್ಣು ಹಾಲು ಮುಗಿದ ಮೇಲೆ, ಮೊದಲ ಮೂರ್ನಾಲ್ಕು ವಾರದಲ್ಲಿ, ಅದು 5 ದಾಟಿ ನಿಂತ್ರೆ ಅನುಮಾನ ಪಡಿ. ಯಂತ್ರ ಪ್ರೋಟೀನ್ ಕೂಡ ತೋರಿಸ್ತಾ ಇದ್ರೆ ಇನ್ನೂ ಒಳ್ಳೇದು. ಫ್ಯಾಟ್ ಅಂಕಿಯನ್ನು ಪ್ರೋಟೀನ್ ಅಂಕಿಯಿಂದ ಭಾಗಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಫ್ಯಾಟ್ 4.8, ಪ್ರೋಟೀನ್ 3.0 ಅಂದ್ರೆ 1.6. ಕರು ಹಾಕಿದ ಹೊಸದರಲ್ಲಿ ಈ ಅಂಕಿ 1.4, 1.5 ದಾಟಿದ್ರೆ ಹಸು ಮೈ ಕೊಬ್ಬು ಕರಗಿಸ್ತಾ ಇದೆ ಅನ್ನೋ ಸೂಚನೆ. ಸೂಚನೆ ಮಾತ್ರ, ತೀರ್ಪಲ್ಲ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಸುರಿದು ಕೊಟ್ರೆ ಚೀಟಿ ಯಾವ ಹಸುವಿನ ಕಥೆಯನ್ನೂ ಹೇಳಲ್ಲ. ಹೊಸದಾಗಿ ಕರು ಹಾಕಿದ ಹಸುವಿನ ಹಾಲನ್ನು ವಾರಕ್ಕೆ ಎರಡು ಸಲ ಪ್ರತ್ಯೇಕ ಬಾಟಲಿಯಲ್ಲಿ ತಗೊಂಡು ಹೋಗಿ ಸೆಕ್ರೆಟರಿ ಹತ್ರ ಟೆಸ್ಟ್ ಮಾಡಿಸಿ. ಪೂರ್ತಿ ಕರೆದು ಚೆನ್ನಾಗಿ ಕಲಸಿದ ಹಾಲೇ ಆಗಬೇಕು. ಮೊದಲು ಬರೋ ಹಾಲಲ್ಲಿ ಫ್ಯಾಟ್ ಕಡಿಮೆ, ಕೊನೆಗೆ ಹಿಂಡೋ ಹಾಲಲ್ಲಿ ತುಂಬಾ ಜಾಸ್ತಿ. ಇನ್ನೊಂದು, ಈ ಅಂಕಿಗಳು ಎಚ್‌ಎಫ್‌ಗೆ ಮಾತ್ರ. ಜೆರ್ಸಿ, ನಾಟಿ ಹಸುವಿನ ಫ್ಯಾಟ್ ಹುಟ್ಟಿನಿಂದಲೇ ಜಾಸ್ತಿ, ಎಮ್ಮೆಯ ಮಾತಂತೂ ಬಿಡಿ.

ಎರಡನೇದು ಮೂತ್ರ ಪರೀಕ್ಷೆ. ರೋಥೆರಾ ಅಂತ ಒಂದು ಪುಡಿ ನಮ್ಮ ಪಶುವೈದ್ಯರು ಬಳಸ್ತಾರೆ. ಅದಕ್ಕೆ ಗಂಜಲ ಹಾಕಿದಾಗ ನೇರಳೆ ಬಣ್ಣ ಬಂದ್ರೆ ಕೀಟೋನ್ ಇದೆ ಅಂತ. ಮೆಡಿಕಲ್‌ನಲ್ಲಿ ಸಿಗೋ, ಸಕ್ಕರೆ ಕಾಯಿಲೆಯವರು ಬಳಸೋ ಮೂತ್ರದ ಕೀಟೋನ್ ಪಟ್ಟಿಯೂ ಇದೇ ತತ್ವದ್ದು. ಹೊಸದಾಗಿ ಹಿಡಿದ ಗಂಜಲದಲ್ಲೇ ನೋಡಿ. ಜೀವಾಮೃತಕ್ಕೆ ಗಂಜಲ ಹಿಡಿದು ರೂಢಿ ಇರೋರಿಗೆ ಹಿಡಿಯೋದು ಹೇಗೆ ಅಂತ ಹೇಳಿಕೊಡಬೇಕಿಲ್ಲ. ಕೆಲವರಿಗೆ ಹಸುವಿನ ಉಸಿರಲ್ಲಿ, ಹಾಲಲ್ಲಿ ಉಗುರುಬಣ್ಣ ತೆಗೆಯೋ ದ್ರವದ ಥರ ಸಿಹಿ ವಾಸನೆ ಗೊತ್ತಾಗುತ್ತೆ, ಕೆಲವರ ಮೂಗಿಗೆ ಗೊತ್ತೇ ಆಗಲ್ಲ. ಮೂಗನ್ನೇ ನಂಬಬೇಡಿ.

ಮೂರನೇದು ರಕ್ತ. ಮನುಷ್ಯರಿಗೆ ಬಳಸೋ ಕೈಯಲ್ಲಿ ಹಿಡಿಯೋ ಕೀಟೋನ್ ಮೀಟರ್ ಹಸುವಿಗೂ ಚೆನ್ನಾಗಿ ಕೆಲಸ ಮಾಡುತ್ತೆ. ಒಂದು ಹನಿ ರಕ್ತ ಸಾಕು, ಡಾಕ್ಟ್ರೇ ತೆಗೆಯಲಿ. 1.2 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಹೊರಗೆ ಲಕ್ಷಣ ಕಾಣದಿದ್ರೂ ಕೀಟೋಸಿಸ್ ಅಂತಲೇ ಲೆಕ್ಕ. ನೆಫಾ ಪರೀಕ್ಷೆಗೆ ಲ್ಯಾಬ್ ಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆಫಾ ಕರು ಹಾಕೋ ಮುಂಚೆ ಸುಮಾರು 0.3, ಹಾಕಿದ ಮೇಲೆ ಸುಮಾರು 0.6 ದಾಟಿದ ಹಸುಗಳಲ್ಲಿ ಗರ್ಭಕೋಶದ ಸೋಂಕು, ಹೊಟ್ಟೆ ಜಾರೋದು, ಕೀಟೋಸಿಸ್ ಬರೋ ಸಂಭವ ಹೆಚ್ಚು. ಹತ್ತಾರು ಹಸು ಇರೋ ಫಾರಂ ಮಾಡಿದೋರು ಡಾಕ್ಟ್ರ ಹತ್ರ ಇದರ ಬಗ್ಗೆ ಕೇಳಬಹುದು. ಎರಡು ಹಸು ಇಟ್ಟೋರಿಗೆ ಇದು ಬೇಕಿಲ್ಲ.

ಸಿಎಂಟಿ ದ್ರವ ಹಾಕಿ ಕೆಚ್ಚಲು ಬಾವು ನೋಡ್ತೀವಲ್ಲ, ಅದೂ ಒಂದರ್ಥದಲ್ಲಿ ಕೊಬ್ಬಿನ ಪರೀಕ್ಷೆಯೇ. ಆ ದ್ರವ ಸೋಪಿನ ಥರ. ಹಾಲಲ್ಲಿರೋ ಬಿಳಿ ರಕ್ತಕಣದ ಕೊಬ್ಬಿನ ಗೋಡೆ ಕರಗಿಸುತ್ತೆ, ಒಳಗಿನ ಡಿಎನ್‌ಎ ಹೊರಗೆ ಬಂದು ಲೋಳೆ ಆಗುತ್ತೆ. ಲೋಳೆ ಗಟ್ಟಿ ಇದ್ದಷ್ಟೂ ಕಣ ಜಾಸ್ತಿ, ಸೋಂಕು ಜಾಸ್ತಿ.

ಮೊಬೈಲ್ ಕ್ಯಾಮೆರಾ ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. ಹಾಲು ಬತ್ತಿಸಿದ ದಿನದಿಂದ ಹಿಡಿದು ಕರು ಹಾಕಿ ಎರಡು ತಿಂಗಳವರೆಗೆ, ವಾರಕ್ಕೊಂದು ಫೋಟೋ ಹಿಂದಿನಿಂದ, ಒಂದು ಪಕ್ಕದಿಂದ. ಅದೇ ಜಾಗ, ಅದೇ ದೂರ. ದಿನಾ ನೋಡೋ ಕಣ್ಣಿಗೆ ಹಸು ಇಳಿದಿದ್ದು ಗೊತ್ತಾಗಲ್ಲ, ಫೋಟೋ ಪಕ್ಕ ಪಕ್ಕ ಇಟ್ರೆ ಗೊತ್ತಾಗುತ್ತೆ. ಬಾಲದ ಬುಡದ ಎರಡೂ ಕಡೆ ಗುಂಡಿ ಪೂರ್ತಿ ಮುಚ್ಚಿ ಕೊಬ್ಬಿನ ಉಂಡೆ ಕೈಗೆ ಸಿಗ್ತಾ ಇದ್ರೆ ಹಸು ಅಗತ್ಯಕ್ಕಿಂತ ದಪ್ಪ. ಐದರ ಅಳತೆಯಲ್ಲಿ ಕರು ಹಾಕುವಾಗ 3ರಿಂದ 3.5 ಇರಬೇಕು. ದಪ್ಪ ಹಸುವೇ ಕರು ಹಾಕಿದ ಮೇಲೆ ಮೇವು ಬೇಗ ಬಿಡೋದು, ಬೇಗ ಕರಗೋದು. ಹಂಗಂತ ಎಂಟು ತಿಂಗಳ ಗಬ್ಬದಲ್ಲಿ ಉಪವಾಸ ಕೆಡವಿ ಇಳಿಸೋಕೆ ಹೋಗಬೇಡಿ. ಆಗ ಕೊಬ್ಬು ಕರಗೋದು ಹೊಟ್ಟೆಯಲ್ಲಿ ಕರು ಇರುವಾಗಲೇ ಶುರುವಾಗುತ್ತೆ. ಮೈ ಸರಿ ಮಾಡಬೇಕಾದ್ದು ಹಾಲು ಕೊಡ್ತಾ ಇರೋ ಕೊನೆಯ ತಿಂಗಳುಗಳಲ್ಲಿ.

ಅಂಕಿ ಏರಿದೆ, ಈಗೇನು?

ಹಳ್ಳಿಯಲ್ಲಿ ಮೊದಲು ಮಾಡೋದು ಬೆಲ್ಲದ ನೀರು ಕುಡಿಸೋದು. ಸಕ್ಕರೆ ಕಡಿಮೆ ಆಗಿದೆ, ಬೆಲ್ಲ ಕೊಟ್ರೆ ಏರುತ್ತೆ ಅನ್ನೋ ಲೆಕ್ಕ ಮನುಷ್ಯರಿಗೆ ಸರಿ. ಹಸುವಿನ ಮೊದಲ ಹೊಟ್ಟೆಗೆ ಹೋದ ಬೆಲ್ಲ ಅಲ್ಲೇ ಹುದುಗಿ ಬೇರೆ ಆಮ್ಲಗಳಾಗುತ್ತೆ, ಸಕ್ಕರೆಯಾಗಿ ರಕ್ತಕ್ಕೆ ಸೇರಲ್ಲ. ಜಾಸ್ತಿ ಕೊಟ್ರೆ ಹೊಟ್ಟೆ ಹುಳಿಯಾಗಿ ಇದ್ದ ಹಸಿವೂ ಹೋಗುತ್ತೆ. ಡಾಕ್ಟ್ರು ಬರೆಯೋ ಪ್ರೊಪಿಲೀನ್ ಗ್ಲೈಕಾಲ್ ಬೇರೆ ದಾರಿ ಹಿಡಿದು ಲಿವರ್‌ನಲ್ಲಿ ಸಕ್ಕರೆಯಾಗುತ್ತೆ. ದಿನಕ್ಕೆ ಸುಮಾರು 300 ಮಿಲಿ, ಮೂರರಿಂದ ಐದು ದಿನ ಅನ್ನೋದು ರೂಢಿಯಲ್ಲಿರೋ ಪ್ರಮಾಣ. ನಿಮ್ಮ ಹಸುವಿಗೆ ಎಷ್ಟು ಅನ್ನೋದನ್ನು ಅವರೇ ಹೇಳಲಿ. ಕುಡಿಸುವಾಗ ತಲೆ ಮೇಲೆತ್ತಿ ನಾಲಿಗೆ ಹಿಡಿದೆಳೆದು ಸುರಿಯಬೇಡಿ. ಶ್ವಾಸಕೋಶಕ್ಕೆ ಇಳಿದ್ರೆ ಒಂದು ರೋಗಕ್ಕೆ ಎರಡು ರೋಗ. ಬೈಪಾಸ್ ಫ್ಯಾಟ್ ಪ್ಯಾಕೆಟ್ ತಂದು ಹಾಕೋರೂ ಇದ್ದಾರೆ. ಚೆನ್ನಾಗಿ ತಿನ್ನೋ ಹಸುವಿಗೆ ಅದು ಆಹಾರ, ಲಿವರ್‌ನಲ್ಲಿ ಕೊಬ್ಬು ಕೂತ ಹಸುವಿಗೆ ಔಷಧ ಅಲ್ಲ.

ಹಸಿವು ತರೋದೇ ಮುಖ್ಯ ಕೆಲಸ. ಒಳ್ಳೆ ಹಸಿರು ಮೇವು ಅಥವಾ ರಸಮೇವು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ, ಹಗಲು ರಾತ್ರಿ ನೀರು. ಹಿಂಡಿಯನ್ನು ಒಂದೇ ಸಲ ಏರಿಸಬೇಡಿ, ದಿನ ದಿನಕ್ಕೂ ಸ್ವಲ್ಪ ಏರಿಸಿ.

ಇದೇ ಸಮಯದಲ್ಲಿ ಸೋಂಕಿನ ಮೇಲೆ ಕಣ್ಣಿರಲಿ. ಕರು ಹಾಕಿದ ಮೊದಲ ಹತ್ತು ದಿನ ಬೆಳಿಗ್ಗೆ ಥರ್ಮಾಮೀಟರ್ ಇಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಜ್ವರ. ಕಂದುಗೆಂಪು ನೀರಿನಂಥ, ಕೆಟ್ಟ ವಾಸನೆಯ ಸ್ರಾವ ಬಂದ್ರೆ ಗರ್ಭಕೋಶಕ್ಕೆ ಸೋಂಕಾಗಿದೆ. ಸತ್ತೆ ಬಿದ್ದಿಲ್ಲ ಅಂತ ಊರಿನ ಯಾರನ್ನೋ ಕರೆದು ಕೈ ಹಾಕಿಸಿ ಕೀಳಿಸಬೇಡಿ. ಒಳಗೆ ಗಾಯ ಆಗಿ ನಂಜು ರಕ್ತಕ್ಕೆ ಸೇರೋಕೆ ಅದೇ ಬಾಗಿಲು. ಹಾಲು ಹಳದಿ ನೀರಿನಂಗೆ ಬಂದು, ಕೆಚ್ಚಲು ಗಟ್ಟಿಯಾಗಿ, ಕಿವಿ ತಣ್ಣಗಾಗಿದ್ರೆ ಕಾಯೋ ಮಾತೇ ಇಲ್ಲ. ಆಗ ಥರ್ಮಾಮೀಟರ್ ಕಡಿಮೆ ತೋರಿಸಿದ್ರೂ ಸಮಾಧಾನ ಪಡಬೇಡಿ. ನಂಜು ಪೂರ್ತಿ ಏರಿದ ಹಸುವಿನ ಮೈ ಬಿಸಿ ಇಳಿದೇ ಹೋಗಿರುತ್ತೆ.

1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಆಂಬ್ಯುಲೆನ್ಸ್ ಸೇವೆ ಇದೆ. ಫೋನಲ್ಲಿ “ಹಸುಗೆ ಹುಷಾರಿಲ್ಲ” ಅಂತಷ್ಟೇ ಹೇಳಬೇಡಿ. ಕರು ಹಾಕಿ ಎಷ್ಟು ದಿನ, ಎಷ್ಟು ದಿನದಿಂದ ಮೇವು ಬಿಟ್ಟಿದೆ, ಸತ್ತೆ ಬಿತ್ತಾ, ಜ್ವರ ಎಷ್ಟು, ಫ್ಯಾಟ್ ಮೊನ್ನೆ ಎಷ್ಟಿತ್ತು ಇವತ್ತು ಎಷ್ಟು, ಇಷ್ಟು ಹೇಳಿ. ಚೀಟಿಗಳ ಫೋಟೋ, ಹಸುವಿನ ಫೋಟೋ ಮೊಬೈಲಲ್ಲಿ ಇದ್ರೆ ಬಂದ ಡಾಕ್ಟ್ರಿಗೆ ತೋರಿಸಿ. ಮೊದಲು ಲಿವರ್ ಕಡೆ ನೋಡಬೇಕಾ, ಸೋಂಕಿನ ಕಡೆಯಾ, ಎರಡೂ ಕಡೆಯಾ ಅಂತ ತೀರ್ಮಾನಿಸೋಕೆ ಅವರಿಗೆ ಅದರಿಂದ ಅರ್ಧ ಗಂಟೆ ಉಳಿಯುತ್ತೆ. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತಲೂ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.